ಶ್ರಾವಣದಲ್ಲಿ ಸುಟ್ಟ ಕೋಳಿ

ಅಥವಾ ಅದು ಬೇರೆ ಯಾವುದೋ ಅಂಗಡಿಯ ಬೋರ್ಡೂ ಆಗಿರಬಹುದು. ಕಳೆದ ತಿಂಗಳು ಜಕ್ಕೂರು ಕೆರೆಯ ಪಕ್ಕದ ರಸ್ತೆಯಲ್ಲಿ ಮಳೆ ಹಿಡಿದುಕೊಂಡಾಗ ಒಂದು ಎಳನೀರು ಗಾಡಿಯ ಹತ್ತಿರ, ಮರದ ಕೆಳಗೆ ನಿಂತಿದ್ದೆ. ಗಾಡಿಯವನು ಎಲ್ಲೋ ಹೋಗಿದ್ದ. ಎಳನೀರಿನ ರಾಶಿಯ ಮೇಲೆ ಹಳೆಯ ಫ್ಲೆಕ್ಸ್ ಹೊದಿಸಿ ಹಗ್ಗ ಬಿಗಿದಿದ್ದ. ಫ್ಲೆಕ್ಸಿನ ಮೇಲೆ ಒಂದು ಕೆಂಪು ಕೋಳಿ, ಅರ್ಧ ಮಡಿಕೆಯೊಳಗೆ ಸೇರಿಕೊಂಡಿತ್ತು. ಪಕ್ಕದಲ್ಲಿ ಹಳದಿ ಅಕ್ಷರದಲ್ಲಿ ‘ಸುಟ್ಟ’ ಎಂಬಷ್ಟು ಕಾಣುತ್ತಿತ್ತು. ಆ ಕೋಳಿಯನ್ನೂ ಅಕ್ಷರವನ್ನೂ ಅಲ್ಲಿಟ್ಟವಳು ನಾನೇ ಎಂದು ಮೊದಲ ನೋಟಕ್ಕೆ ಅನ್ನಿಸಿತು. ಮೈಯೆಲ್ಲ ಒಮ್ಮೆ ಬಿಸಿಯಾಯಿತು ಎಂದು ಬರೆಯಬೇಕೆನ್ನಿಸುತ್ತಿದೆ. ಹಾಗೆ ಆಯಿತೋ ಇಲ್ಲವೋ ಖಚಿತವಿಲ್ಲ. ಆಮೇಲೆ ಅನುಮಾನ ಬಂತು. ಕೋಳಿಯ ಆ ಚಿತ್ರವನ್ನು ನಾನು ಎಷ್ಟೋ ಅಂಗಡಿಗಳಿಗೆ ಹಾಕಿದ್ದೇನೆ. ಕಬಾಬಿಗೂ ಅದೇ, ಬಿರಿಯಾನಿಗೂ ಅದೇ. ಹಗ್ಗ ಸಡಿಲಿಸಿ ಪೂರ್ತಿ ಓದಬಹುದಿತ್ತು. ಓದಲಿಲ್ಲ. ಮಳೆ ನಿಂತಿತು, ಹೊರಟೆ.

ನಾನು ಬೋರ್ಡು ಮಾಡುವವಳು. ಬ್ಯಾಟರಾಯನಪುರದಲ್ಲಿ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಂಗಡಿಗಳ ಹೆಸರು ಬರೆಯುತ್ತೇನೆ, ಚಿತ್ರ ಕೂಡಿಸುತ್ತೇನೆ. ನಮ್ಮ ಮನೆ ಇರುವುದೂ ಅಲ್ಲೇ, ಹಳೆಯ ಊರಿನ ಗಲ್ಲಿಯೊಳಗೆ. ನಾನು ಹೇಳುತ್ತಿರುವುದು ಅಮ್ಮ ತೀರಿಕೊಂಡ ವರ್ಷದ ಮಳೆಗಾಲದ ಮಾತು. ಅಮ್ಮ ಹೋದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಅದಕ್ಕೂ ಮೊದಲು ಹಲವು ವರ್ಷ ಅವಳು ಹಾಸಿಗೆಯಲ್ಲೇ ಇದ್ದಳು. ಮದುವೆಯಾಗದ ನಾನು ಅವಳ ಜೊತೆ ಇದ್ದೆ. ಸಂಜೆ ಅಂಗಡಿಯ ಶಟರ್ ಎಳೆದ ಕೂಡಲೇ ಮನೆಗೆ ಓಡುವುದು ನನ್ನ ಕಾಲುಗಳಿಗೆ ಅಭ್ಯಾಸವಾಗಿತ್ತು. ಅವಳು ಹೋದ ಮೇಲೂ ಕಾಲುಗಳು ಓಡುತ್ತಿದ್ದವು. ಬಾಗಿಲು ತೆಗೆದು ಒಳಗೆ ಹೋಗಿ, ಚಪ್ಪಲಿಯನ್ನೂ ಬಿಡದೆ ಅವಳ ಕೋಣೆಯ ಹೊಸಿಲಲ್ಲಿ ನಿಂತು, ಇನ್ನೇನು ಎಂದು ಯೋಚಿಸುತ್ತಿದ್ದೆ. ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಆದ್ದರಿಂದ ಯಾರೂ ಕರೆಯುತ್ತಿರಲಿಲ್ಲ, ನಾನೂ ಯಾರನ್ನೂ ಕರೆಯುವಂತಿರಲಿಲ್ಲ.

ಸಾದಿಕ್ ಭಾಯ್ ಮತ್ತು ಅವರ ಹೆಂಡತಿ ನಮ್ಮ ಅಂಗಡಿಗೆ ಬಂದದ್ದು ಆಷಾಢದ ಕೊನೆಯಲ್ಲಿ. ಅವರು ಆರ್.ಟಿ. ನಗರದವರು. ಬ್ಯಾಂಕಾಕಿನಲ್ಲಿ ಯಾರದೋ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡಿಕೊಂಡು ಹದಿನೈದು ವರ್ಷ ಇದ್ದವರು. ಆ ಅಂಗಡಿಯ ಎದುರಿನ ಮೂಲೆಯಲ್ಲಿ ಕೆಂಡದ ಮೇಲೆ ಕೋಳಿ ಸುಡುತ್ತಿದ್ದವಳು ಮಾಲಿ. ಅವಳನ್ನು ಮದುವೆಯಾಗಿ, ಇಲ್ಲಿ ತಾಯಿಗೆ ಕಾಯಿಲೆ ಎಂದು ಕರೆದುಕೊಂಡು ಬಂದಿದ್ದರು. ಅತ್ತೆಮನೆಯಲ್ಲಿ ಅವಳಿಗೆ ಮರಿಯಮ್ ಎಂದು ಹೆಸರಿಟ್ಟಿದ್ದರು. ಮಾಲಿ ಎಂದರೆ ಅವರ ಭಾಷೆಯಲ್ಲಿ ಮಲ್ಲಿಗೆಯಂತೆ. ನನ್ನ ವಯಸ್ಸಿಗಿಂತ ಒಂದೆರಡು ವರ್ಷ ಚಿಕ್ಕವಳು, ದುಂಡು ಮುಖ, ಮುಂಗೈ ಮೇಲೆಲ್ಲ ಕೆಂಡದ ಕಿಡಿ ಬಿದ್ದ ಸಣ್ಣ ಸಣ್ಣ ಕಲೆ.

“ಮೇಡಂ, ಕೋಳಿ ಕೆಂಪಗಿರ್ಲಿ,” ಎಂದರು ಸಾದಿಕ್ ಭಾಯ್, ಪರದೆಯ ಮೇಲೆ ಚಿತ್ರಗಳನ್ನು ನೋಡುತ್ತಾ.

ಮಾಲಿ ಕುರ್ಚಿಯಿಂದ ಏನೋ ಹೇಳಿ ತಲೆಯಾಡಿಸಿದಳು.

“ಏನಂತಾರೆ ಅವ್ರು?” ಎಂದೆ.

“ಅವ್ಳ ಕೋಳಿ ಕೆಂಪಗಿರಲ್ಲವಂತೆ. ಅದು ನಂಗೊತ್ತಿಲ್ವಾ? ಆದ್ರೆ ಬೆಂಗ್ಳೂರಲ್ಲಿ ಕೆಂಪಗಿಲ್ದಿರೋ ಕೋಳೀನ ಯಾರ್ ತಿರುಗಿ ನೋಡ್ತಾರೆ, ನೀವೇ ಹೇಳಿ.”

ಕೆಂಪು ಕೋಳಿಯೇ ಉಳಿಯಿತು. ಮೇಲೆ ‘ಥಾಯ್ ಸುಟ್ಟ ಕೋಳಿ’ ಎಂದು ದೊಡ್ಡದಾಗಿ ಬರೆದೆ. ಯಾವಾಗ ಶುರು ಎಂದು ಕೇಳಿದೆ.

“ಬರೋ ಶುಕ್ರವಾರ. ಒಳ್ಳೇ ದಿನ.”

ಗೋಡೆಯ ಕ್ಯಾಲೆಂಡರ್ ನೋಡಿದೆ. “ಭಾಯ್, ಆ ಹೊತ್ತಿಗೆ ಶ್ರಾವಣ ಹಿಡಿದಿರತ್ತೆ.”

ಅವರು ಹಣೆಗೆ ಕೈ ಹಚ್ಚಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತರು. “ನಾನ್ ರಂಜಾನ್ ಲೆಕ್ಕ ಹಾಕ್ದೆ, ಬಕ್ರೀದ್ ಲೆಕ್ಕ ಹಾಕ್ದೆ, ಮಳೆ ಲೆಕ್ಕಾನೂ ಹಾಕ್ದೆ. ಇಲ್ಲೇ ಹುಟ್ಟಿ ಬೆಳ್ದು ಶ್ರಾವಣ ಮರ್ತ್ಬಿಟ್ನಲ್ಲ ಮೇಡಂ. ಜಾಗದ ಮಾತೂ ಆಗೋಗಿದೆ.” ಆಮೇಲೆ ತಾವೇ ನಕ್ಕರು. “ಅಲ್ಲಿ ಇವ್ಳಿಗೆ ಹೇಳ್ತಿದ್ದೆ, ನಮ್ಮೂರಲ್ಲಿ ಕೋಳಿ ತಿನ್ನೋರು ಕೋಟಿ ಜನ ಇದಾರೆ ಅಂತ.”

ಗಂಡ ಹೆಂಡತಿಯ ನಡುವೆ ಒಂದು ಒಪ್ಪಂದವಿದೆ ಎಂದು ನನಗೆ ತಿಳಿದದ್ದು ಆ ದಿನವೋ ಅದರ ಮುಂದಿನ ವಾರವೋ, ನೆನಪು ಎರಡನ್ನೂ ಬೆಸೆದುಬಿಟ್ಟಿದೆ. ಮಾಲಿ ಪಕ್ಕದಲ್ಲೇ ಇದ್ದಳು, ಅವಳಿಗೆ ಕನ್ನಡ ಬಾರದು ಎಂಬ ಧೈರ್ಯದಲ್ಲಿ ಅವರು ಹೇಳಿದರು ಎಂಬುದು ಮಾತ್ರ ಗಟ್ಟಿ ನೆನಪು. “ದಸರಾ ತನಕ ನೋಡ್ತೀವಿ. ನಡೆದ್ರೆ ಇವ್ಳು ಇಲ್ಲೇ ಇರ್ತಾಳೆ. ಇಲ್ಲಾಂದ್ರೆ ವಾಪಸ್ ಅವರೂರಿಗೆ. ಮನೇಲಿ ಸುಮ್ನೆ ಕೂತಿರೋಕೆ ನಂಗಾಗಲ್ಲ ಅಂತಾಳೆ. ನಾನು ಅಮ್ಮೀನ ಬಿಟ್ಟು ಹೋಗಕ್ಕಾಗಲ್ಲ.” ಮಾಲಿ ಕೈಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳಿಗೆ ‘ದಸರಾ’ ಎಂಬ ಮಾತು ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

ಅವರ ಕೋಳಿಯ ತಳ್ಳುಗಾಡಿ ನಿಂತದ್ದು ಸರ್ವಿಸ್ ರಸ್ತೆಯಲ್ಲಿ, ಕೊಡಿಗೇಹಳ್ಳಿ ಕಡೆ ತಿರುಗುವಲ್ಲಿ, ಏರ್‌ಪೋರ್ಟಿಗೆ ಹೋಗುವ ಮೇಲ್ಸೇತುವೆಯ ಪಕ್ಕ. ಸೇತುವೆ ಇದ್ದದ್ದರಿಂದ ಅರ್ಧ ಗಾಡಿಗೆ ಮಳೆ ತಾಗುತ್ತಿರಲಿಲ್ಲ. ಮೊದಲ ದಿನ ನಾನು ಹೋದದ್ದು ಬೋರ್ಡು ಸರಿಯಾಗಿ ಕಟ್ಟಿದ್ದಾರೋ ನೋಡಲು. ಹಾಗೆಂದಾದರೂ ನನಗೆ ನಾನೇ ಹೇಳಿಕೊಂಡಿದ್ದೆ.

ಮಾಲಿ ಕೋಳಿಯನ್ನು ಎದೆಯ ಕಡೆಯಿಂದ ಸೀಳಿ, ಪುಸ್ತಕ ಬಿಡಿಸಿದ ಹಾಗೆ ಚಪ್ಪಟೆ ಮಾಡಿ, ಸೀಳಿದ ಬಿದಿರುಕಡ್ಡಿಯ ನಡುವೆ ಸಿಗಿಸಿ ತುದಿಯನ್ನು ಬಿಗಿದು ಕಟ್ಟಿದ್ದಳು. ಕೆಂಡ ಬಹಳ ಕಡಿಮೆ. ಮೇಲೆ ಕೈ ಹಿಡಿದರೆ ಹಿಡಿದೇ ಇರಬಹುದು, ಅಷ್ಟು. ಚರ್ಮ ನಿಧಾನವಾಗಿ ಜೇನಿನ ಬಣ್ಣಕ್ಕೆ ತಿರುಗಿ, ರೆಕ್ಕೆಯ ತುದಿ ಮಾತ್ರ ಕಪ್ಪಾಗುತ್ತಿತ್ತು. ಬೆಳ್ಳುಳ್ಳಿ, ಬಿಳಿ ಮೆಣಸು, ಇನ್ನೊಂದು ವಾಸನೆ. ಅದು ಕೊತ್ತಂಬರಿ ಬೇರು. ನಾವು ಕಟ್ಟಿನ ಬುಡ ಕತ್ತರಿಸಿ ಎಸೆಯುತ್ತೇವಲ್ಲ, ಅದನ್ನೇ ಅವಳು ತೊಳೆದು ಜಜ್ಜಿ ಕೋಳಿಗೆ ಸವರುತ್ತಿದ್ದಳು. ದಪ್ಪ ಮರದ ತುಂಡಿನ ಮೇಲಿಟ್ಟು ಕತ್ತಿಯಿಂದ ಕೊಚ್ಚಿ ಕೊಟ್ಟಳು. ಜೊತೆಗೆ ಒಂದು ಗೊಜ್ಜು: ಹುಣಸೆಹುಳಿ, ಒಣಮೆಣಸಿನಪುಡಿ, ಹುರಿದು ತರಿಯಾಗಿ ಪುಡಿಮಾಡಿದ ಅಕ್ಕಿ. ಆ ಅಕ್ಕಿತರಿ ಹಲ್ಲಿಗೆ ಸಿಕ್ಕಿ ಮುರಿಯುವಾಗ, ಬಹಳ ದಿನದ ಮೇಲೆ ನಾನು ಏನನ್ನೋ ತಿನ್ನುತ್ತಿದ್ದೇನೆ ಎಂದು ನನಗೆ ತಿಳಿಯಿತು. ಅಮ್ಮ ಹೋದ ಮೇಲೆ ಅನ್ನ ಸಾರು ಉಂಡಿರಲಿಲ್ಲವೆಂದಲ್ಲ. ಉಂಡದ್ದು ಗಮನಕ್ಕೆ ಬಂದಿರಲಿಲ್ಲ.

ಅನ್ನವನ್ನು ಒಂದು ಸಣ್ಣ ಬಿದಿರಿನ ಬುಟ್ಟಿಯಲ್ಲಿ ಕೊಟ್ಟಳು. ಅಂಟು ಅಕ್ಕಿಯ ಅನ್ನ. ಅಕ್ಕಿಯನ್ನು ಕಮ್ಮನಹಳ್ಳಿಯಲ್ಲಿ ಮಣಿಪುರದವರೊಬ್ಬರ ಅಂಗಡಿಯಿಂದ ತರುತ್ತಿದ್ದರು. ಬೆರಳಲ್ಲಿ ಚೂರು ಮುರಿದು, ಉಂಡೆ ಮಾಡಿ, ಗೊಜ್ಜಿಗೆ ಅದ್ದುವುದನ್ನು ತೋರಿಸಿದಳು. ಇದು ನನಗೆ ಹೇಳಿಕೊಡಬೇಕೇ ಎಂದು ನಾನೂ ಮುರಿದು, ಅದ್ದಿ, ಮುದ್ದೆಯ ಹಾಗೆ ನುಂಗಿಬಿಟ್ಟೆ. ಅದು ಗಂಟಲಲ್ಲಿ ನಿಂತುಕೊಂಡಿತು. ಸಾದಿಕ್ ಭಾಯ್ ನೀರು ಹಿಡಿದು ಓಡಿಬಂದರು. ಮಾಲಿ ಬೆನ್ನಿಗೆ ಗುದ್ದಿದಳು, ಆಮೇಲೆ ಗಾಡಿಯ ಅಂಚು ಹಿಡಿದುಕೊಂಡು ನಕ್ಕಳು.

“ಅಗೀಬೇಕು ಮೇಡಂ,” ಎಂದರು ಸಾದಿಕ್ ಭಾಯ್. “ಇವ್ಳಿಗೆ ಮೊದಲನೇ ಸಲ ಮುದ್ದೆ ಕೊಟ್ಟಾಗ ಅಗ್ದೂ ಅಗ್ದೂ ದವಡೆ ನೋಯಿಸ್ಕೊಂಡ್ಳು. ಈಗ ಲೆಕ್ಕ ಸರಿಹೋಯ್ತು.”

ಅಲ್ಲಿಂದ ಮುಂದೆ ಸಂಜೆ ಓಡುವುದಕ್ಕೆ ಒಂದು ಜಾಗ ಸಿಕ್ಕಿತು.

ಶ್ರಾವಣ ಪೂರ್ತಿ ಗಾಡಿ ಖಾಲಿ. ಮುಸ್ಲಿಂ ಮನೆಗಳ ಕೆಲವರು ಬರುತ್ತಿದ್ದರು, ಏರ್‌ಪೋರ್ಟ್ ಟ್ಯಾಕ್ಸಿಯ ಕೆಲವು ಚಾಲಕರು ಬರುತ್ತಿದ್ದರು. ಉಳಿದವರು ಬೋರ್ಡು ಓದಿ, ಮೂಗಿನಲ್ಲೇ ಒಮ್ಮೆ ತಿಂದು, ಮುಂದೆ ಹೋಗುತ್ತಿದ್ದರು. ಸ್ವಲ್ಪ ನಡೆದದ್ದು ಸಾದಿಕ್ ಭಾಯ್ ತವದ ಮೇಲೆ ಮಾಡುತ್ತಿದ್ದ ಬಾಳೆಹಣ್ಣಿನ ರೊಟ್ಟಿ. ತೆಳ್ಳಗೆ ಬೀಸಿ ಹಿಗ್ಗಿಸಿದ ಮೈದಾ ಹಿಟ್ಟಿನೊಳಗೆ ಬಾಳೆಹಣ್ಣು ಮಡಚಿ, ಬೇಯಿಸಿ, ಮೇಲೆ ಗಟ್ಟಿ ಸಿಹಿ ಹಾಲು. ಕಾಲೇಜಿನ ಹುಡುಗರು ಗುಂಪಾಗಿ ನಿಂತು ತಿನ್ನುತ್ತಿದ್ದರು.

“ಮಚ್ಚಾ, ಇದು ನಮ್ ಪರೋಟಾನೇ ಕಣೋ,” ಎಂದ ಒಬ್ಬ.

“ಇಲ್ಲಿಂದ್ಲೇ ಹೋಗಿದ್ದು ಗುರು,” ಎಂದರು ಸಾದಿಕ್ ಭಾಯ್. “ಅಲ್ಲಿ ಬಾಳೆಹಣ್ಣು ಕಟ್ಕೊಂಡು ವಾಪಸ್ ಬಂದಿದೆ.”

ನಾನು ಹೋದ ಕೂಡಲೇ ಮಾಲಿ ಮಣ್ಣಿನ ಒರಳು ಎಳೆದುಕೊಳ್ಳುತ್ತಿದ್ದಳು. “ಪೀ ಪಾರು, ಮೆಣಸಿನಕಾಯಿ?” ನನ್ನ ಹೆಸರು ಪಾರ್ವತಿ. ಅವರಲ್ಲಿ ಅಕ್ಕನಿಗೆ ‘ಪೀ’ ಅನ್ನುತ್ತಾರೆ. ನಾನು ಬೆರಳು ತೋರಿಸಿದಷ್ಟು ಹಸಿಮೆಣಸಿನಕಾಯಿ ಹಾಕಿ, ಬೆಳ್ಳುಳ್ಳಿ, ಬೆಲ್ಲ, ನಿಂಬೆ, ಹುರಿದ ಕಡಲೇಕಾಯಿ ಬೀಜ, ಎಳೆ ಎಳೆಯಾಗಿ ಹೆಚ್ಚಿದ ಪರಂಗಿಕಾಯಿ ಸೇರಿಸಿ ಮರದ ಒನಕೆಯಿಂದ ಮೆಲ್ಲಗೆ ಕುಟ್ಟುತ್ತಿದ್ದಳು. ಟೊಕ್, ಟೊಕ್ ಎಂಬ ಆ ಸದ್ದು ಸೇತುವೆಯ ಕಂಬಗಳಿಗೆ ತಾಗಿ ಹಿಂದಿರುಗುತ್ತಿತ್ತು. ಕೊನೆಗೆ ಮೀನಿನ ರಸದ ಬಾಟಲಿ. ಅದರ ವಾಸನೆಗೆ ಅರ್ಧ ಜನ ಅಲ್ಲಿಂದಲೇ ಓಡುತ್ತಿದ್ದರು. ಸೀಬೆಕಾಯಿಗೆ ಉಪ್ಪುಖಾರ ಸವರಿ ಕೊಡುವ ತಳ್ಳುಗಾಡಿಯನ್ನು ಹೆಬ್ಬಾಳದಲ್ಲಿ ಒಮ್ಮೆ ನೋಡಿ ಅವಳಿಗೆ ಬಹಳ ಸಂತೋಷವಾಗಿತ್ತಂತೆ. “ಸೇಮ್, ಸೇಮ್. ಇಲ್ಲಿ ಜನ ಒಳ್ಳೇದು. ಖಾರ ತಿಂತಾರೆ. ಯಾಕೆ ಬರಲ್ಲ?”

ಅವಳ ಮಾತು ಅತ್ತೆಯಿಂದ ಕಲಿತ ದಖ್ಖನಿ, ಗಿರಾಕಿಗಳಿಂದ ಹೆಕ್ಕಿದ ಕನ್ನಡ, ಒಂದಿಷ್ಟು ಇಂಗ್ಲಿಷ್, ಉಳಿದದ್ದು ಕೈ. ನಾವು ಏನು ಮಾತಾಡಿದೆವು ಎಂದು ಈಗ ಬರೆಯುವಾಗ ನಾನು ಅವಳ ಬಾಯಿಗೆ ಪೂರ್ತಿ ವಾಕ್ಯ ಕೊಡುತ್ತಿದ್ದೇನೆ. ಇಷ್ಟು ಪೂರ್ತಿಯಾಗಿ ಅವಳು ಯಾವತ್ತೂ ಮಾತಾಡಲಿಲ್ಲ.

ಜಕ್ಕೂರಿನ ಪುಟ್ಟ ತರಬೇತಿ ವಿಮಾನಗಳು ಮಳೆ ಬಿಟ್ಟ ಸಂಜೆ ತಲೆಯ ಮೇಲೆ ಸುತ್ತುತ್ತಿದ್ದವು. ಮಾಲಿ ಬಿದಿರುಕಡ್ಡಿ ತಿರುವುತ್ತಾ ಮೇಲೆ ನೋಡಿ, “ಎಲ್ಲಿ ಹೋಗುತ್ತೆ?” ಎಂದು ಕೇಳಿದಳು.

“ಎಲ್ಲಿಗೂ ಹೋಗಲ್ಲ,” ಎಂದೆ. “ಸುತ್ತಿ ಸುತ್ತಿ ಇಲ್ಲೇ ಇಳಿಯುತ್ತೆ.”

“ಒಳ್ಳೇದು,” ಎಂದಳು. ಯಾಕೆ ಒಳ್ಳೆಯದೆಂದಳೋ.

ನಮ್ಮ ದೊಡ್ಡಮ್ಮ ನನ್ನನ್ನು ಹಿಡಿದದ್ದು ಶ್ರಾವಣದ ಒಂದು ಶನಿವಾರ. ಅಮ್ಮನ ಅಕ್ಕ, ನಮ್ಮ ಹಿಂದಿನ ಗಲ್ಲಿಯಲ್ಲೇ ಮಗ ಸೊಸೆಯ ಜೊತೆ ಇರುವವರು. ದೇವಸ್ಥಾನದಿಂದ ಬರುತ್ತಿದ್ದರು, ಕೈಯಲ್ಲಿ ತುಳಸಿ. ನನ್ನ ಕೈಯಲ್ಲಿ ಕೋಳಿಯ ಕಾಲು.

“ಏನಮ್ಮಿ ಇದು, ಶ್ರಾವಣದಾಗೆ ಕೋಳಿ ಮುರ್ಕಂಡು ನಿಂತಿದ್ದೀಯ?”

“ನಮ್ಮನೇಲಿ ಈ ವರ್ಷ ಹಬ್ಬಾನೇ ಇಲ್ವಲ್ಲ ದೊಡ್ಡಮ್ಮ.”

“ಅಬ್ಬ ಇಲ್ದಿದ್ರೆ ದೇವ್ರೂ ಇಲ್ವಾ? ನಿಮ್ಮವ್ವ ಓಗಿ ಇನ್ನಾ ವರ್ಸ ತುಂಬಿಲ್ಲ. ಇಂಗೆಲ್ಲಾ ಮಾಡಿದ್ರೆ ಅವ್ಳು ನೋಡಾಕಿಲ್ವಾ?” ಮೂಗಿಗೆ ಸೆರಗು ಹಿಡಿದುಕೊಂಡರು. “ಅದೇನಮ್ಮಿ ವಾಸ್ನೆ? ಮೀನು ಕೊಳ್ತಿರೋ ಅಂಗೈತೆ. ಯಾರು ಇವ್ಳು, ನೇಪಾಳದೋಳಾ?”

“ಥಾಯ್ಲೆಂಡು.”

“ಅದೆಲ್ಲೈತೆ?”

“ಸಮುದ್ರ ದಾಟಿ.”

“ಸಮುದ್ರ ದಾಟಿ ಬಂದು ನಮ್ಮ ಶ್ರಾವಣ ಕೆಡ್ಸಿದ್ಳಾ,” ಎಂದು ದೊಡ್ಡಮ್ಮ ಹೊರಟರು. ಮಾಲಿ ಕೈ ಜೋಡಿಸಿ ತಲೆ ಬಗ್ಗಿಸಿದಳು. ದೊಡ್ಡಮ್ಮನ ಕೈಯೂ ತಾನಾಗಿ ಎದೆಯವರೆಗೆ ಎದ್ದಿತು, ತುಳಸಿಯ ಸಮೇತ. ಅದು ಅವರಿಗೇ ಇಷ್ಟವಾಗಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಜನ ಬಂದರು. ಬಂದವರು ಬೋರ್ಡನ್ನೂ ಕೋಳಿಯನ್ನೂ ಬದಲಿಸಿ ಬದಲಿಸಿ ನೋಡಿದರು. “ಕಲರ್ ಹಾಕಿಲ್ವಾ?” “ಇದು ಬೆಂದಿದ್ಯಾ?” “ಫೋಟೋದಲ್ಲಿರೋದು ಕೊಡಿ.” ಒಂದು ಸಂಜೆ ಸಾದಿಕ್ ಭಾಯ್ ಡಬ್ಬಿಯಲ್ಲಿ ಕೆಂಪು ಬಣ್ಣ ತಂದು ಗಾಡಿಯ ಮೇಲಿಟ್ಟರು. ಮಾಲಿ ಅದನ್ನು ನೋಡಿ, “ನಕ್ಕೊ,” ಎಂದಳು. ದಖ್ಖನಿಯಲ್ಲಿ ‘ಬೇಡ’. ಅವಳು ಬೆಂಗಳೂರಿನಲ್ಲಿ ಕಲಿತ ಮೊದಲ ಮಾತು ಅದೇ ಇರಬೇಕು. ಅವರು ಒಂದು ಕೋಳಿಗೆ ತಾವೇ ಬಣ್ಣ ಸವರಿದರು. ಅವಳು ಕೆಂಡಕ್ಕೆ ಬೆನ್ನು ಹಾಕಿ ಕೂತಳು. ಗಿರಾಕಿ ಇಬ್ಬರು ಕಾಯುತ್ತಿದ್ದರು. ಗಂಡ ಹೆಂಡತಿ ಅವರ ಭಾಷೆಯಲ್ಲಿ ಬಹಳ ಮೆಲ್ಲಗೆ ಜಗಳವಾಡಿದರು. ಮೆಲ್ಲಗೆ ಆಡುವ ಜಗಳ ನೋಡಿ ನನಗೆ ಭಯವಾಯಿತು. ದಸರಾ ಎಂಬ ಮಾತು ಆ ಭಾಷೆಯ ನಡುವೆ ಎರಡು ಸಲ ಬಂತು.

ಮಾರನೆಯ ದಿನ ನಾನು ಅವಳ ಕೋಳಿಯದೇ ಫೋಟೋ ತೆಗೆದು ಹೊಸ ಬೋರ್ಡು ಮಾಡಿದೆ. ಜೇನಿನ ಬಣ್ಣದ ಕೋಳಿ, ಬಿದಿರುಕಡ್ಡಿ, ಒಂದು ಮೂಲೆಯಲ್ಲಿ ಅವಳ ಮುಂಗೈ. ಹಳೆಯದನ್ನು ಯಾರು ಬಿಚ್ಚಿದರು, ಎಲ್ಲಿ ಹಾಕಿದರು ಎಂದು ನಾನು ನೋಡಲಿಲ್ಲ. ಆದ್ದರಿಂದ ಎಳನೀರು ಗಾಡಿಯ ಮೇಲಿದ್ದದ್ದು ನಿಜಕ್ಕೂ ಅವರದೇ ಎಂದಾದರೂ ಅದು ಆ ಮೊದಲನೆಯ ಬೋರ್ಡು. ಅದರಿಂದ ಮಾಲಿಯ ವಿಷಯ ಏನೂ ತಿಳಿಯುವುದಿಲ್ಲ.

ಹೊಸ ಬೋರ್ಡಿನಿಂದ ಜನ ಹೆಚ್ಚಾದರೋ, ಶ್ರಾವಣ ಮುಗಿದದ್ದರಿಂದಲೋ, ಹೇಳಲಾರೆ. ಸ್ವಲ್ಪ ಹೆಚ್ಚಾದರು.

ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮ ಮನೆಗಳಲ್ಲಿ ಹಬ್ಬಗಳು ನಿಂತರೂ ಪಕ್ಷ ನಿಲ್ಲುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತವರ ಫೋಟೋದ ಮುಂದೆ ಎಲೆ ಹಾಕಿ, ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಹೊರಗೆ ಕೂತಿರಬೇಕು. ಆಮೇಲೆ ಆ ಎಡೆಯನ್ನು ನಾವು ಉಣ್ಣುತ್ತೇವೆ.

“ನಿಮ್ಮಪ್ಪಂದೇನು, ತಲೆಮಾಂಸ, ಬೀಡಿ, ಒಂದು ಕ್ವಾರ್ಟರು. ಅದು ಊರಿಗೇ ಗೊತ್ತು,” ಎಂದರು ದೊಡ್ಡಮ್ಮ. “ನಿಮ್ಮವ್ವಂಗೆ ಏನಿಷ್ಟ ಅಂತ ನೀನೇಳು. ಜೊತ್ಗಿದ್ದೋಳು ನೀನು.”

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳಿಗೆ ಊಟ ಮಾಡಿಸಿದವಳು ನಾನು. ಗಂಜಿ, ಮೆತ್ತಗಿನ ಅನ್ನ, ಡಾಕ್ಟರು ಹೇಳಿದ್ದು. ಅದಕ್ಕೂ ಮೊದಲು, ಅವಳು ಎದ್ದು ಓಡಾಡುತ್ತಿದ್ದಾಗ? ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕ ಕೂತು ಪಾತ್ರೆಯಲ್ಲಿ ಉಳಿದದ್ದನ್ನು ತಿನ್ನುತ್ತಿದ್ದಳು. ಕೋಳಿ ಮಾಡಿದ ದಿನ ಕತ್ತಿನ ಮೂಳೆ ಚೀಪುತ್ತಿದ್ದಳು. “ನಂಗೆ ಕತ್ತೇ ಇಷ್ಟ,” ಎನ್ನುತ್ತಿದ್ದಳು.

“ಕತ್ತು,” ಎಂದೆ.

“ಕತ್ತು ಯಾರ್ಗಮ್ಮಿ ಇಷ್ಟ ಆಯ್ತದೆ?” ಎಂದರು ದೊಡ್ಡಮ್ಮ. “ಉಳಿಯೋದೇ ಅದು. ಚಿಕ್ಕೋಳಿದ್ದಾಗ ಅವ್ಳು ಕೋಳೀನೇ ಮುಟ್ತಿರ್ಲಿಲ್ಲ, ಸಾಕಿದ್ದ ಉಂಜ ಕುಯ್ದ್ರು ಅಂತ ಮೂರ್ ದಿನ ಅತ್ತಿದ್ಳು.”

ಇದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮರುವರ್ಷ ದೊಡ್ಡಮ್ಮ ಅದೇ ಹುಂಜದ ಕಥೆಯನ್ನು ತಮ್ಮದೇ ಎಂದು ಹೇಳಿದರು.

ಸಂಜೆ ಮಾಲಿಗೆ ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು. ಸಾದಿಕ್ ಭಾಯ್ ನಡುನಡುವೆ ಅವಳ ಭಾಷೆಯಲ್ಲಿ ಬಿಡಿಸಿ ಹೇಳಿದರು. ಅರ್ಥವಾದ ಮೇಲೆ ಅವಳು ಒಮ್ಮೆ ಗಂಡನ ಕಡೆ ನೋಡಿ, ದನಿ ತಗ್ಗಿಸಿದಳು. ಅವಳ ಹಳ್ಳಿಯಲ್ಲೂ ಮಳೆಗಾಲದ ಕೊನೆಯ ಹೊತ್ತಿಗೆ ಹೀಗೇ ಇಡುತ್ತಾರಂತೆ. ಅಂಟು ಅನ್ನ, ಹಣ್ಣು, ಮೀನು, ಎಲೆಯಲ್ಲಿ ಕಟ್ಟಿ. ಸಾದಿಕ್ ಭಾಯ್ ಆ ಕಡೆ ಮುಖ ಮಾಡಿ ತವ ಒರೆಸಿದರು, ಕೇಳಿಸದವರ ಹಾಗೆ.

“ಅಮ್ಮ ಯಾವ ಪೀಸ್ ಇಷ್ಟ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಪೂರಾ ಕೋಳಿ,” ಎಂದಳು ಮಾಲಿ. “ಕತ್ತು ಇರ್ಲಿ, ಕಾಲು ಇರ್ಲಿ. ಅಮ್ಮ ತಗೋತಾರೆ.”

ಅಮಾವಾಸ್ಯೆಯ ದಿನ ಮಧ್ಯಾಹ್ನ ಕಳೆದ ಮೇಲೆ ಅವಳು ನಮ್ಮ ಮನೆಗೆ ಬಂದಳು, ಒಂದು ಇಡೀ ಕೋಳಿ, ಕತ್ತು ಸಮೇತ, ಬಿದಿರುಕಡ್ಡಿಯಲ್ಲೇ. ದೊಡ್ಡಮ್ಮ ಮುದ್ದೆ, ಮಟನ್ ಸಾರು, ವಡೆ, ಪಾಯಸ ಮಾಡಿ ತಂದಿದ್ದರು. ಅಪ್ಪನ ಎಲೆಗೆ ಅಪ್ಪನದೆಲ್ಲ ಬಿತ್ತು. ಅಮ್ಮನ ಎಲೆಯ ನಡುವೆ ಆ ಕೋಳಿಯನ್ನಿಟ್ಟೆವು. ಎಲೆ ಸಾಲದೆ ರೆಕ್ಕೆ ನೆಲಕ್ಕೆ ತಾಗಿತು. ಪಕ್ಕದಲ್ಲಿ ಹೊಸ ಸೀರೆ. ಸಾಂಬ್ರಾಣಿಯ ಹೊಗೆಯೊಳಗೆ ಕೊತ್ತಂಬರಿ ಬೇರಿನ ವಾಸನೆ. ಬಾಗಿಲು ಮುಚ್ಚಿ ಮೂವರೂ ಹೊರಗೆ ಜಗಲಿಯ ಮೇಲೆ ಕೂತೆವು. ಮಳೆ ಹನಿಯುತ್ತಿತ್ತು. ಅಥವಾ ನಿಂತು, ಸೂರಿನ ನೀರು ಹನಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ದೊಡ್ಡಮ್ಮ, ಬೈಯುವ ದನಿಯೇ ಅಲ್ಲ, ಬೆಲೆ ಕೇಳುವವರ ಹಾಗೆ, “ಅವ್ವಂಗೆ ನೀನಿಟ್ಟೆ. ನಿಂಗ್ಯಾರಮ್ಮಿ ಇಡ್ತಾರೆ?” ಎಂದರು.

ನಾನು ಮದುವೆಯಾಗದ ಹೆಣ್ಣು, ಒಡಹುಟ್ಟಿದವರಿಲ್ಲ. ಈ ಪ್ರಶ್ನೆ ನನಗೆ ಹೊಸದಲ್ಲ. ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಮಾಲಿ ನನ್ನ ಮುಖ ನೋಡಿ, ದೊಡ್ಡಮ್ಮನ ಮುಖ ನೋಡಿ, ಚೀಲದಿಂದ ಬಾಳೆಯೆಲೆಯ ಒಂದು ಪೊಟ್ಟಣ ತೆಗೆದಳು. ಒಳಗೆ ನಿಂಬೆ ಗಾತ್ರದ ಎರಡು ಅಂಟು ಅನ್ನದ ಉಂಡೆ, ಒಂದು ಚೂರು ಕೋಳಿ. ಮೆಟ್ಟಿಲಿಳಿದು, ಗೋಡೆಯ ಬುಡದಲ್ಲಿ ಒದ್ದೆ ನೆಲದ ಮೇಲೆ ಇಟ್ಟು ಬಂದಳು.

“ಅದ್ಯಾಕೆ ಒರಗಿಟ್ಟೆ?” ಎಂದರು ದೊಡ್ಡಮ್ಮ. “ಒಳಗಿಡ್ಬೇಕು.”

“ಒಳಗೆ ಮನೆಯೋರಿಗೆ,” ಎಂದಳು ಮಾಲಿ. “ಇದು, ಮನೆ ಇಲ್ಲ. ಯಾರೂ ಇಲ್ಲ. ಅವರಿಗೆ.”

ಆಮೇಲೆ ಅವಳು ಆ ಉಂಡೆಗಳ ಕಡೆ ಬೆರಳು ತೋರಿಸಿ, ನನ್ನ ಕಡೆ ತೋರಿಸಿ, ತನ್ನ ಎದೆ ಮುಟ್ಟಿಕೊಂಡಳು. ಇಷ್ಟು ನಡೆಯಿತು ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ‘ನಿನಗೆ ನಾನು ಇಡುತ್ತೇನೆ’ ಎಂದು ಅವಳು ಹೇಳಿದಳು ಎಂದು ನಾನು ಹಲವು ವರ್ಷ ನಂಬಿದ್ದೆ. ಈ ವಾಕ್ಯ ಅವಳ ಬಾಯಿಂದ ಬಂದದ್ದಲ್ಲ. ನಾನು ಆಮೇಲೆ ಕಟ್ಟಿಕೊಂಡದ್ದು. ‘ನೀನೂ ನಾನೂ ಇಂಥವರೇ’ ಎಂದೂ ಅವಳು ಹೇಳುತ್ತಿದ್ದಿರಬಹುದು. ಗಂಡ ಇದ್ದ, ಅತ್ತೆ ಇದ್ದರು. ಆದರೂ ದೊಡ್ಡಮ್ಮನ ಪ್ರಶ್ನೆ ಅವಳಿಗೆ ಅಷ್ಟು ಬೇಗ ಅರ್ಥವಾಗಿತ್ತು.

ಬಾಗಿಲು ತೆಗೆದಾಗ ಎಲೆಗಳು ಇಟ್ಟ ಹಾಗೇ ಇದ್ದವು. ಕೋಳಿ ತಣ್ಣಗಾಗಿತ್ತು. ಕೂತು ಉಂಡೆವು. ದೊಡ್ಡಮ್ಮ ಮೊದಲು ಚರ್ಮದ ಚೂರು ನಾಲಿಗೆಗೆ ತಾಗಿಸಿದರು.

“ಮಸಾಲೆ ಸಾಲ್ದು.”

ಸ್ವಲ್ಪ ಹೊತ್ತಿನ ಮೇಲೆ, “ಉಪ್ಪು ಪರ್ವಾಗಿಲ್ಲ.”

ಇನ್ನೂ ಸ್ವಲ್ಪ ಹೊತ್ತಿನ ಮೇಲೆ, “ಆ ತೊಡೆ ಇತ್ಲಾಗೆ ಕೊಡಮ್ಮಿ.”

ಕತ್ತನ್ನು ನಾನು ತಿಂದೆ. ಮೂಳೆ ಸಂದಿಯಲ್ಲಿ ಮಾಂಸ ಬಹಳ ಕಡಿಮೆ, ಆದರೆ ಹೊಗೆಯ ರುಚಿ ಅಲ್ಲೇ ಹೆಚ್ಚು ನಿಂತಿತ್ತು. ಇಷ್ಟಪಡಲು ಸಾಧ್ಯವಿದೆ ಅನ್ನಿಸಿತು. ಅಮ್ಮ ಸುಳ್ಳು ಹೇಳಿರಲಿಕ್ಕಿಲ್ಲ ಅನ್ನಿಸಿತು. ನನಗೆ ಹಾಗೆ ಅನ್ನಿಸಬೇಕಿತ್ತು ಎಂಬುದನ್ನೂ ಗಮನದಲ್ಲಿಡಬೇಕು.

ದೊಡ್ಡಮ್ಮ ಗಲ್ಲಿಯಲ್ಲೆಲ್ಲ ಹೇಳಿದರು. ನಮ್ಮ ಪಾರು ಮನೆ ಎಡೆಗೆ ಸಮುದ್ರ ದಾಟಿದ ಕೋಳಿ ಬಂದಿತ್ತು ಎಂದು. ಅದನ್ನು ನೋಡಲೆಂದೇ ಕೆಲವರು ಗಾಡಿಗೆ ಹೋದರು. ಆದರೆ ಅಮಾವಾಸ್ಯೆಯ ಮಾರನೆಯ ದಿನದಿಂದ ನವರಾತ್ರಿ. ಕೆಲವು ಮನೆಗಳಲ್ಲಿ ಮತ್ತೆ ಮಾಂಸವಿಲ್ಲ. ದಸರಾ ಎಂದು ಗಡುವು ಇಟ್ಟುಕೊಂಡವರು ಆ ಒಂಬತ್ತು ದಿನವನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಾದಿಕ್ ಭಾಯ್ ಈ ಸಲ ನಗಲಿಲ್ಲ. ಒಂದು ಸಂಜೆ ತುಂಬ ಜನ, ಮರುಸಂಜೆ ಬರೀ ನಾನು. ನಡೆದರೆ ಎಂದಿದ್ದರಲ್ಲ, ಎಷ್ಟು ನಡೆದರೆ ನಡೆದಂತೆ ಎಂದು ಅವರಿಬ್ಬರೂ ಮಾತಾಡಿಕೊಂಡಿರಲಿಲ್ಲ ಎಂದು ಕಾಣುತ್ತದೆ. ಆಯುಧಪೂಜೆಯ ದಿನ ಪಕ್ಕದ ಹೂವಿನವರು ಇವರ ಗಾಡಿಗೂ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಮಾಲಿ ಗಾಡಿ ತಳ್ಳಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಚಪ್ಪಾಳೆ ತಟ್ಟಿದಳು. ಅವಳನ್ನು ನಾನು ನೋಡಿದ್ದು ಅದೇ ಕೊನೆ.

ಹಬ್ಬದ ಮರುದಿನ ಗಾಡಿ ಇರಲಿಲ್ಲ. ರಜೆಯಿರಬಹುದು ಎಂದುಕೊಂಡೆ. ವಾರ ಕಳೆಯಿತು. ಅವಳ ಫೋನಿಗೆ ಮಾಡಿದರೆ ಸ್ವಿಚ್ ಆಫ್. ಕೊನೆಗೆ ಆರ್.ಟಿ. ನಗರಕ್ಕೆ ಹೋಗಿ, ವಿಚಾರಿಸಿಕೊಂಡು ಮನೆ ಹುಡುಕಿದೆ. ಸಾದಿಕ್ ಭಾಯ್ ಮುಂದಿನ ಕೋಣೆಯಲ್ಲಿ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು.

“ಬನ್ನಿ ಮೇಡಂ. ಅವ್ಳು ಊರಿಗೋಗಿದಾಳೆ. ಅವ್ರಮ್ಮಂಗೆ ಹುಷಾರಿಲ್ಲ. ಬರ್ತಾಳೆ.”

“ಯಾವಾಗ ಬರ್ತಾರೆ?”

“ಬರ್ತಾಳೆ,” ಎಂದು ಮತ್ತೊಂದು ಗೆರೆ ಎಳೆದರು. ಒಳಗಿನಿಂದ ಅವರ ತಾಯಿಯ ಕೆಮ್ಮು ಕೇಳಿಸಿತು. “ಚಾ ಕುಡೀರಿ.”

ಚಾ ಕುಡಿದೆ. ಹೊರಡುವಾಗ ಮನೆಯ ಪಕ್ಕದ ಸಂದಿಯಲ್ಲಿ ಗಾಡಿ ನಿಂತಿರುವುದು ಕಂಡಿತು. ನಾನು ಮಾಡಿದ ಎರಡನೆಯ ಬೋರ್ಡು ಮಡಚಿಟ್ಟಿತ್ತು. ತವ ಇತ್ತು, ಮರದ ತುಂಡು ಇತ್ತು. ಮಣ್ಣಿನ ಒರಳು ಇರಲಿಲ್ಲ. ಹಿಂತಿರುಗಿ ಬರುವವಳು ಅಷ್ಟು ಭಾರದ ಒರಳನ್ನು ವಿಮಾನದಲ್ಲಿ ಯಾಕೆ ಹೊತ್ತುಕೊಂಡು ಹೋಗುತ್ತಾಳೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಒಡೆಯದಿರಲಿ ಎಂದು ಮನೆಯೊಳಗೆ ಎತ್ತಿಟ್ಟಿದ್ದಿರಲೂಬಹುದು. ಕೇಳಬಹುದಿತ್ತು. ಮುಂದಿನ ಬೇಸಿಗೆಯಲ್ಲಿ ಇನ್ನೊಮ್ಮೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. “ಭಾಯ್ ಅವ್ರಮ್ಮ ತೀರ್ಕೊಂಡ್ರು. ಆಮೇಲೆ ಖಾಲಿ ಮಾಡ್ಕೊಂಡ್ ಹೋದ್ರು,” ಎಂದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ಈಗ ಪ್ರತಿ ಪಕ್ಷಕ್ಕೂ ನಾನೇ ಕೋಳಿ ಸುಡುತ್ತೇನೆ. ತರಕಾರಿಯವಳು ನನಗಾಗಿ ಕೊತ್ತಂಬರಿ ಬೇರು ತೆಗೆದಿಟ್ಟಿರುತ್ತಾಳೆ. ರುಚಿ ಮಾಲಿಯ ಕೈಯದರ ಹಾಗಿದೆಯೋ ಇಲ್ಲವೋ ಹೋಲಿಸುವುದಕ್ಕೆ ನನ್ನ ಹತ್ತಿರ ಇರುವುದು ನೆನಪೊಂದೇ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಡೀ ಕೋಳಿಯನ್ನು ಅಮ್ಮನ ಎಲೆಗೆ ಇಟ್ಟು, ಬಾಗಿಲು ಮುಚ್ಚಿ, ಕಮ್ಮನಹಳ್ಳಿಯಿಂದ ತಂದ ಅಕ್ಕಿಯ ಎರಡು ಉಂಡೆಯನ್ನು ಗೋಡೆಯ ಬುಡದಲ್ಲಿ ಇಡುತ್ತೇನೆ. ದೊಡ್ಡಮ್ಮ ಈಗ ಕೋಲು ಹಿಡಿದು ಬಂದು ಜಗಲಿಯ ಮೇಲೆ ಕೂರುತ್ತಾರೆ.

“ಅದ್ಯಾರ್ಗಮ್ಮಿ, ಒರಗಿಡೋದು?” ಎಂದು ಪ್ರತಿ ವರ್ಷವೂ ಹೊಸದಾಗಿ ಕೇಳುತ್ತಾರೆ.

ಅಮ್ಮನಿಗೆ ಕೋಳಿಯ ಯಾವ ತುಂಡು ಇಷ್ಟವಿತ್ತು ಎಂದು ನನಗೆ ಗೊತ್ತಿಲ್ಲ. ಮಾಲಿ ಇದ್ದಾಳೋ, ಇದ್ದರೆ ಯಾವ ರಸ್ತೆಯ ಮೂಲೆಯಲ್ಲಿ ಬಿದಿರುಕಡ್ಡಿ ತಿರುವುತ್ತಿದ್ದಾಳೋ, ಮಳೆಗಾಲದ ಕೊನೆಗೆ ಅಲ್ಲಿ ಯಾವುದಾದರೂ ಗೋಡೆಯ ಬುಡದಲ್ಲಿ ಒಂದು ಉಂಡೆ ಇಡುತ್ತಾಳೋ, ಅದು ಯಾರ ಹೆಸರಿನಲ್ಲೋ, ಅದೂ ಗೊತ್ತಿಲ್ಲ.